ಶಾಲೆಗಿಂತ ಮೊದಲು ಸಿಗುವ ಮೆಟ್ಟಿಲು

ಓಡಿಬಂದು ಬಸ್ ಹತ್ತುವ ಮಗುವಿಗೆ ಬಾಗಿಲ ಬಳಿಯ ಮೆಟ್ಟಿಲುಗಳು ಲೆಕ್ಕಕ್ಕೇ ಇಲ್ಲ. ವೀಲ್‌ಚೇರ್‌ನಲ್ಲಿ ಕೂತ ಮಗುವಿಗೆ ಶಾಲೆ ಅಲ್ಲಿಗೇ ಮುಗಿಯಿತು. ಅಮೆರಿಕದಲ್ಲಿ ಈ ಮೆಟ್ಟಿಲು ಕಾನೂನಿನ ಕಣ್ಣಿಗೆ ಬೀಳಲು 1975 ಬರಬೇಕಾಯಿತು.

ಅದಕ್ಕೂ ಮೊದಲು ಬಸ್ಸಿನ ಮಾತು ಎಲ್ಲಿ ಬಂತು? ಶಾಲೆಗೇ ಸೇರಿಸಿಕೊಳ್ಳುತ್ತಿರಲಿಲ್ಲ. ಅಂಗವೈಕಲ್ಯ ಇರುವ ಸುಮಾರು 10 ಲಕ್ಷ ಮಕ್ಕಳು ಸರ್ಕಾರಿ ಶಾಲೆಗಳಿಂದ ಪೂರ್ತಿ ಹೊರಗಿದ್ದಾರೆ ಎಂದು ಅಲ್ಲಿನ ಸಂಸತ್ತೇ ಒಪ್ಪಿಕೊಂಡಿತ್ತು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕೆಲವು ಪೋಷಕರು ಕೋರ್ಟಿಗೆ ಹೋದರು. ದುಡ್ಡಿಲ್ಲ ಎಂದಿತು ಶಾಲಾ ಮಂಡಳಿ. ದುಡ್ಡು ಕಮ್ಮಿಯಾದರೆ ಅದರ ಹೊರೆ ಈ ಮಕ್ಕಳ ಮೇಲೇ ಜಾಸ್ತಿ ಬೀಳಬಾರದು ಎಂದು 1972ರಲ್ಲಿ ತೀರ್ಪು ಬಂತು.

ಮೂರು ವರ್ಷದ ನಂತರ ಬಂದ ಕಾನೂನು, ಇಂಥ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಕೊಡಬೇಕು ಎಂದಿತು. ಜೊತೆಗೆ, ಕಲಿಯಲು ಬೇಕಾದ ಪೂರಕ ಸೇವೆಗಳನ್ನೂ ಕೊಡಬೇಕು ಎಂದಿತು. ಆ ಸೇವೆಗಳು ಯಾವುವು ಎಂದು ಹೇಳುವ ಸಾಲಿನಲ್ಲಿ ಮೊದಲು ಬರುವುದೇ ಸಾರಿಗೆ. ಸುಮ್ನೆ ಹಾಗೆ ಬಂದಿರಬಹುದು. ಆದರೂ ಇರಬೇಕಾದ ಜಾಗದಲ್ಲೇ ಇದೆ, ಅಲ್ವಾ? ನಿಯಮಗಳು ಇದನ್ನು ಇನ್ನೂ ಬಿಡಿಸಿ ಹೇಳಿದವು: ಮನೆಯಿಂದ ಶಾಲೆಗೆ, ಒಂದು ಶಾಲೆಯಿಂದ ಇನ್ನೊಂದಕ್ಕೆ, ಶಾಲೆಯ ಕಟ್ಟಡದೊಳಗೆ ಓಡಾಡುವುದು, ಅದಕ್ಕೆ ಬೇಕಾದ ಲಿಫ್ಟು, ಇಳಿಜಾರು, ಮಾರ್ಪಡಿಸಿದ ಬಸ್ಸು, ಎಲ್ಲವೂ ಸಾರಿಗೆಯೇ. ಯಾವ ಮಗುವಿಗೆ ಏನು ಬೇಕು ಎಂಬುದನ್ನು ಪೋಷಕರೂ ಶಿಕ್ಷಕರೂ ಕೂತು ಆ ಮಗುವಿನ ಕಲಿಕಾ ಯೋಜನೆಯಲ್ಲಿ ಬರೆಯಬೇಕು. ಎಲ್ಲರಿಗೂ ಲಿಫ್ಟೇ ಬೇಕೆಂದಿಲ್ಲ. ನಡೆಯಬಲ್ಲ ಮಗುವಿಗೂ ದಾರಿಯಲ್ಲಿ ಫಿಟ್ಸ್ ಬಂದರೆ ನೋಡಿಕೊಳ್ಳಲು ಪಕ್ಕದಲ್ಲೊಬ್ಬರು ಬೇಕಾಗಬಹುದು.

ಬಸ್ಸಿಗೆ ಲಿಫ್ಟು ಬಂತು. ಹತ್ತಿಸಿದ ಮೇಲೆ ವೀಲ್‌ಚೇರ್ ನಿಲ್ಲಿಸುವುದು ಹೇಗೆ? ಮೊದಮೊದಲು ಅನೇಕ ಬಸ್ಸುಗಳಲ್ಲಿ ಕಿಟಕಿಗೆ ಬೆನ್ನು ಮಾಡಿ ಅಡ್ಡಡ್ಡ ನಿಲ್ಲಿಸುತ್ತಿದ್ದರು. ಜಾಗ ಉಳಿಯುತ್ತಿತ್ತು, ನಿಜ. ಆದರೆ ಬಸ್ಸು ಎದುರಿನಿಂದ ಡಿಕ್ಕಿ ಹೊಡೆದರೆ ಮಗುವಿನ ಮೈ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಪಕ್ಕದಿಂದ ಬರುವ ಆ ಎಳೆತವನ್ನು ಬೆಲ್ಟು ಸರಿಯಾಗಿ ತಡೆಯುವುದಿಲ್ಲ. 1990ರ ದಶಕದಲ್ಲಿ ನಿಯಮ ಬದಲಾಯಿತು. ವೀಲ್‌ಚೇರ್ ಮುಂದಕ್ಕೆ ಮುಖ ಮಾಡಿರಬೇಕು. ಅದನ್ನು ನಾಲ್ಕು ಕಡೆ ನೆಲಕ್ಕೆ ಬಿಗಿಯಬೇಕು. ಮಗುವಿಗೆ ಬೇರೆಯದೇ ಬೆಲ್ಟು ಇರಬೇಕು. ಇನ್ನೊಂದು ತೊಡಕು ಉಳಿದಿತ್ತು. ಎಷ್ಟೋ ವೀಲ್‌ಚೇರ್‌ಗಳಲ್ಲಿ ಪಟ್ಟಿ ಸಿಕ್ಕಿಸಲು ಗಟ್ಟಿ ಜಾಗವೇ ಇರಲಿಲ್ಲ. ಗಂಟೆಗೆ 48 ಕಿಲೋಮೀಟರ್ ವೇಗದ ಡಿಕ್ಕಿ ತಡೆಯುವ ವೀಲ್‌ಚೇರ್‌ಗಳಿಗೆ ಅಲ್ಲಿ ಮಾನದಂಡ ಬಂದದ್ದು 2000ದಲ್ಲಿ. ಅದೂ ಕಡ್ಡಾಯವಲ್ಲ.

ಈಗಿನ ಜಗಳ ಹೆಚ್ಚಾಗಿ ಸಮಯದ್ದು. ದೂರದೂರದ ಮಕ್ಕಳನ್ನು ಒಂದೇ ಬಸ್ಸು ಒಟ್ಟು ಮಾಡಿಕೊಂಡು ಬರುತ್ತದೆ. ಬೆಳಿಗ್ಗೆ ಮೊದಲು ಹತ್ತಿದ ಮಗು ಎಲ್ಲರಿಗಿಂತ ಜಾಸ್ತಿ ಹೊತ್ತು ಕೂತಿರುತ್ತದೆ. ಬಸ್ಸಿನ ಅನುಕೂಲಕ್ಕಾಗಿ ಈ ಮಕ್ಕಳ ಶಾಲಾ ಸಮಯ ಕಡಿತ ಮಾಡುವಂತಿಲ್ಲ. ಹಾಗಿದ್ದರೂ ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಹೊರಡಿಸಿದ ದೂರುಗಳಿವೆ. ಚಾಲಕರು ಸಿಗದ ಕಡೆ ಶಾಲೆಗಳು ಪೋಷಕರನ್ನೇ ಕೇಳುತ್ತವೆ: ನೀವೇ ಕರೆತನ್ನಿ, ಮೈಲಿ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ. ಸ್ವಂತ ಕಾರು ಇದ್ದು, ದಿನಕ್ಕೆರಡು ಸಲ ಕೆಲಸದಿಂದ ಬಿಡುವು ಸಿಗುವವರಿಗೆ ಮಾತ್ರ ಇದು ನಡೆಯುತ್ತದೆ.