ಪದ ಪರಿಚಯ: ಬೈಟ್ ಅಲಾರಂ ಎಂದರೆ ‘ಕಡಿತ ಎಚ್ಚರಿಕೆ’ಯಲ್ಲ

ಹೆಪ್ಪುಗಟ್ಟಿದ ಸರೋವರಗಳಲ್ಲಿ ಗಾಳ ಹಾಕುವವರು ಮನೆಯಲ್ಲೇ ಜೋಡಿಸಿಕೊಳ್ಳುವ, ಮೀನು ದಾರ ಎಳೆದಾಗ ಸದ್ದಿನಿಂದಲೋ ಬೆಳಕಿನಿಂದಲೋ ತಿಳಿಸುವ ಬೈಟ್ ಅಲಾರಂ ಕುರಿತ ಬರಹವೊಂದರಲ್ಲಿ ‘ವಿದ್ಯುನ್ಮಾನ ಕಡಿತ ಎಚ್ಚರಿಕೆ ಸಾಧನ’ ಎಂಬ ಪದಪುಂಜವನ್ನು ಮತ್ತೊಮ್ಮೆ ಓದಿದ ಮೇಲೆ ಸುಮ್ಮನಿರುವುದು ಕಷ್ಟವಾಯಿತು. ಕಡಿತವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ವಿದ್ಯುತ್ ಕಡಿತ, ಅನಂತರ ವೇತನ ಕಡಿತ, ಆಮೇಲೆ ನಾಯಿ ಕಡಿತ. ಮೀನಿನ ಸರದಿ ಬರುವುದು ಬಹಳ ತಡವಾಗಿ. ಇದರ ಹಿಂದೆ ‘ವಿದ್ಯುನ್ಮಾನ’ ಸೇರಿದರೆ, ಕರೆಂಟು ಹೋಗುವ ಮುನ್ನ ಕೂಗುವ ಪೆಟ್ಟಿಗೆಯೇನೋ ಎಂದು ಓದುಗ ತಿಳಿದರೆ ತಪ್ಪು ಅವನದಲ್ಲ. ‘ಎಚ್ಚರಿಕೆ’ ಎಂಬುದು ಇನ್ನೂ ಕೆಟ್ಟ ಆಯ್ಕೆ. ಮಂಜುಗಡ್ಡೆಯ ಮೇಲೆ ನಿಂತವನಿಗೆ ಎಚ್ಚರಿಕೆ ಬೇಕಾಗುವುದು ಕಾಲಡಿಯ ಪದರ ಬಿರಿಯುವಾಗ. ಈ ಸಾಧನಕ್ಕೆ ಆ ಬಿರುಕಿನ ಗಂಧಗಾಳಿಯೂ ಇಲ್ಲ. ಇದು ಕೊಡುವುದು ಸೂಚನೆ, ಅದೂ ಒಂದೇ ಒಂದು ಸೂಚನೆ: ದಾರ ಅಲುಗಿತು.

‘ಬೈಟ್’ ಎಂಬ ಅಕ್ಷರರೂಪದ್ದೇ ಇನ್ನೊಂದು ಗೋಜಲು. ಕಚ್ಚುವುದಕ್ಕೂ ಕಂಪ್ಯೂಟರಿನ ಎಂಟು ಬಿಟ್‌ಗಳ ಗುಂಪಿಗೂ ಇಂಗ್ಲಿಷಿನಲ್ಲಿ ಉಚ್ಚಾರಣೆ ಒಂದೇ ಆದರೂ ಕಾಗುಣಿತ ಬೇರೆ, ಮತ್ತು ಆ ಬೇರ್ಪಡಿಕೆ ಉದ್ದೇಶಪೂರ್ವಕವಾದದ್ದು. 1956ರಲ್ಲಿ ಐಬಿಎಂನಲ್ಲಿದ್ದ ವರ್ನರ್ ಬುಕ್‌ಹೋಲ್ಟ್ಸ್ ಕಂಪ್ಯೂಟರಿನ ಪದವನ್ನು ರೂಪಿಸುವಾಗ, ಕಚ್ಚುವಿಕೆಯ ಕಾಗುಣಿತವನ್ನೇ ಇಟ್ಟುಕೊಂಡರೆ ಕೊನೆಯ ಅಕ್ಷರ ಬಿಟ್ಟುಹೋದಾಗ ಅದು ‘ಬಿಟ್’ ಆಗಿಬಿಡುತ್ತದೆಂದು ‘ಐ’ ತೆಗೆದು ‘ವೈ’ ಹಾಕಿದರು. ಕನ್ನಡ ಲಿಪಿ ಉಚ್ಚಾರಣೆಯನ್ನು ಹಿಡಿದು ಬರೆಯುವಂಥದ್ದಾದ್ದರಿಂದ ಆ ಜಾಗರೂಕತೆ ನಮ್ಮಲ್ಲಿ ಒಂದೇ ಏಟಿಗೆ ಮಣ್ಣುಪಾಲಾಯಿತು. ಇಷ್ಟು ಸಾಲದೆಂಬಂತೆ, ಗಾಳಕ್ಕೆ ಸಿಕ್ಕಿಸುವ ಆಹಾರವನ್ನು ಸೂಚಿಸುವ ‘ಬೇಟ್’ ಎಂಬುದನ್ನೂ ಕೆಲವರು ‘ಬೈಟ್’ ಎಂದೇ ಬರೆಯುತ್ತಾರೆ. ಅದಕ್ಕೆ ಕನ್ನಡದಲ್ಲಿ ‘ಎರೆ’ ಎಂಬ ಅಚ್ಚುಕಟ್ಟಾದ ಪದವಿದೆ. ಎರೆಹುಳುವಿನ ಹೆಸರಿನಲ್ಲಿ ಅದನ್ನು ದಿನವೂ ಆಡುತ್ತಲೇ ಇರುತ್ತೇವೆ.

ಈ ಗೊಂದಲದ ಬೇರು ಮಾತ್ರ ಸ್ವಾರಸ್ಯಕರವಾಗಿದೆ. ಕಚ್ಚುವ ಬೈಟ್, ತುಣುಕು ಎಂಬರ್ಥದ ಬಿಟ್, ಎರೆ ಎಂಬರ್ಥದ ಬೇಟ್ ಮೂರೂ ಒಂದೇ ಮೂಲಧಾತುವಿನ ಕುಡಿಗಳು. ಬಿಟ್ ಎಂದರೆ ಕಚ್ಚಿ ಬಿಡಿಸಿಕೊಂಡ ಚೂರು. ಬೇಟ್ ಇಂಗ್ಲಿಷಿಗೆ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ಅದು ಕಚ್ಚು ಎಂಬ ಕ್ರಿಯಾಪದದ ಪ್ರೇರಣಾರ್ಥಕ ರೂಪಕ್ಕೆ ಸೇರಿದ್ದು. ಉಣ್ಣು ಎಂಬುದರಿಂದ ಉಣಿಸು ಆದಂತೆ, ಎರೆಯೆಂದರೆ ಅವರ ಲೆಕ್ಕದಲ್ಲಿ ‘ಕಚ್ಚಿಸುವಂಥದ್ದು’. ಕಂಪ್ಯೂಟರಿನ ಬಿಟ್ ದ್ವಿಮಾನ ಅಂಕಿ ಎಂಬುದರ ಇಂಗ್ಲಿಷ್ ಹೆಸರನ್ನು ಮೊಟಕುಗೊಳಿಸಿ ಮಾಡಿದ ಪದವಾದರೂ ತುಣುಕಿನ ಶ್ಲೇಷೆ ಅದರಲ್ಲಿ ಉಳಿದೇ ಇದೆ. ದಾರ ಅಲುಗಿದೆಯೋ ಇಲ್ಲವೋ ಎಂದಷ್ಟೇ ಹೇಳುವ ನಮ್ಮ ಸಾಧನ ತಿಳಿಸುವುದೂ ಸರಿಯಾಗಿ ಒಂದು ಬಿಟ್‌ನಷ್ಟು ಮಾಹಿತಿಯನ್ನೇ.

ಮೀನು ನಿಜಕ್ಕೂ ಕಚ್ಚುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಬಹುಪಾಲು ಮೂಳೆಮೀನುಗಳು ಬಾಯನ್ನು ಥಟ್ಟನೆ ಅಗಲಿಸಿ ನೀರಿನೊಂದಿಗೆ ಆಹಾರವನ್ನು ಒಳಗೆ ಸೆಳೆದುಕೊಳ್ಳುತ್ತವೆ. ಹಿಡಿಸದಿದ್ದರೆ ಅಷ್ಟೇ ಸದ್ದಿಲ್ಲದೆ ಉಗುಳುತ್ತವೆ. ಹಲ್ಲುಳ್ಳ ಪೈಕ್ ಮೀನು ಬೇಟೆಯನ್ನು ಅಡ್ಡಲಾಗಿ ಹಿಡಿದು, ಒಂದಿಷ್ಟು ದೂರ ಒಯ್ದು, ತಿರುಗಿಸಿಕೊಂಡು ತಲೆಯ ಕಡೆಯಿಂದ ನುಂಗುತ್ತದೆ. ಚಳಿಗಾಲದ ತಣ್ಣೀರಿನಲ್ಲಿ ಮೀನಿನ ಚಲನೆಯೇ ಮಂದವಾಗಿರುವುದರಿಂದ ಹಲವು ‘ಕಚ್ಚು’ಗಳು ದಾರದ ತುದಿಯವರೆಗೂ ತಲುಪುವುದಿಲ್ಲ. ಇತ್ತ ಮೀನೇ ಇಲ್ಲದಿದ್ದರೂ ಗಾಳಿ ಬೀಸಿದರೆ ಅಲಾರಂ ಕೂಗುತ್ತದೆ. ಹೀಗಿರುವಾಗ ಇದನ್ನು ‘ಮೀನು ಪತ್ತೆ ಸಾಧನ’ ಎನ್ನುವುದು ಸುಳ್ಳು. ಆ ಹೆಸರು ಶಬ್ದತರಂಗ ಕಳಿಸಿ ಪ್ರತಿಧ್ವನಿ ಓದುವ ಸೋನಾರ್‌ಗೆ ಸಲ್ಲಬೇಕು. ಬೈಟ್ ಪದವನ್ನು ಕನ್ನಡಿಸಲೇಬೇಕೆಂದಿದ್ದರೆ ‘ಕಡಿ’ಗಿಂತ ‘ಕಚ್ಚು’ ವಾಸಿ, ಏಕೆಂದರೆ ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಯಿತು ಎನ್ನುವಾಗ ಗಾಯದ ಮಾತಿಲ್ಲ, ಹಿಡಿದ ಮಾತಿದೆ.

ಅಲಾರಂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಟಾಲಿಯನ್ನಿನ ‘ಅಲ್ಲಾರ್ಮೆ’, ಅಂದರೆ ‘ಶಸ್ತ್ರ ಹಿಡಿಯಿರಿ’ ಎಂಬ ಕೂಗು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ಕಡೆಗೆ ಗಡಿಯಾರದೊಳಗೆ ಸೇರಿಕೊಂಡಿತು. ಗಾಳಕ್ಕೆ ವಿದ್ಯುತ್ತಿನ ಅಲಾರಂ ಕಟ್ಟಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಕಾರ್ಪ್ ಮೀನಿನ ಬೆನ್ನುಹತ್ತಿದ್ದ ಇಂಗ್ಲೆಂಡಿನ ರಿಚರ್ಡ್ ವಾಕರ್ ಅವರಿಗೆ, 1950ರ ದಶಕದ ಸುಮಾರಿಗೆ. ಅದು ತೆರೆದ ನೀರಿನ ಸಾಧನ. ಮಂಜುಗಡ್ಡೆಯ ರಂಧ್ರದ ಮೇಲೆ ಕೂರುವ ಟಿಪ್-ಅಪ್ ಎಂಬ ಗಾಳದ ಚೌಕಟ್ಟಿನಲ್ಲಿ ದಾರದ ಸುರುಳಿ ಹೆಪ್ಪುಗಟ್ಟದಿರಲೆಂದು ನೀರಿನೊಳಗೆ ಇರುತ್ತದೆ; ಮೀನು ಎಳೆದಾಗ ಸುರುಳಿ ತಿರುಗಿ ಕೊಕ್ಕೆ ಕಳಚುತ್ತದೆ, ಸ್ಪ್ರಿಂಗಿನ ಬಾವುಟ ಮೇಲೇಳುತ್ತದೆ. ಹಗಲಿಗೆ ಬಾವುಟವೇ ಸಾಕು. ಕತ್ತಲೆಗೆ ಬೆಳಕೋ ಸದ್ದೋ ಬೇಕು, ಮನೆಯ ಅಲಾರಂ ಹುಟ್ಟುವುದು ಅಲ್ಲಿಂದ.

ಇದರಲ್ಲಿ ‘ಎಲೆಕ್ಟ್ರಾನಿಕ್’ ಎನ್ನಿಸಿಕೊಳ್ಳುವುದೆಷ್ಟು? ಬ್ಯಾಟರಿ, ಸ್ವಿಚ್ಚು, ದೀಪ ಮಾತ್ರ ಇದ್ದರೆ ಅದು ಎಲೆಕ್ಟ್ರಿಕ್. ಟ್ರಾನ್ಸಿಸ್ಟರೋ ಐಸಿ ಎಂಬ ಪುಟ್ಟ ಚಿಪ್ಪೋ ಕೆಲಸಕ್ಕೆ ಇಳಿದರೆ ಎಲೆಕ್ಟ್ರಾನಿಕ್. ಮನೆಯಲ್ಲಿ ಮಾಡಿದ ಬಹಳಷ್ಟು ಸಾಧನಗಳು ಮೊದಲ ಜಾತಿಯವು, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ನಾಲಗೆಗಳಿರುವ ರೀಡ್ ಸ್ವಿಚ್ಚನ್ನು ಹಲವರು ‘ಓದುವ ಸ್ವಿಚ್ಚು’ ಎಂದು ಅನುವಾದಿಸಿದ್ದಾರೆ. ಇದು ಹಾರ್ಮೋನಿಯಂನ ರೀಡು, ಓದಿಗೂ ಇದಕ್ಕೂ ಸಂಬಂಧವಿಲ್ಲ. ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವುದು ಇದರ ಸಾಮಾನ್ಯ ಗುಣವಾದ್ದರಿಂದ, ಬಾವುಟ ಎದ್ದ ಮೇಲೆ ಅಯಸ್ಕಾಂತ ಸ್ವಿಚ್ಚಿನ ಬಳಿಗೆ ಬರುವಂತೆ ಜೋಡಿಸಬೇಕು. ತಿರುಗುಮುರುಗಾದರೆ ಮೀನು ಬರುವ ತನಕ ಕೂಗಿ, ಬಂದ ಕೂಡಲೇ ಸುಮ್ಮನಾಗುವ ಅಲಾರಂ ಸಿದ್ಧವಾಗುತ್ತದೆ. ಓರೆಯಾದಾಗ ಕೂಡಿಕೊಳ್ಳುವ ಪಾದರಸದ ಸ್ವಿಚ್ಚು ನೀರಿನ ಬಳಿ ಬೇಡವೇ ಬೇಡ: ಒಡೆದರೆ ವಿಷ, ಸುಮಾರು ಮೈನಸ್ 39 ಡಿಗ್ರಿ ಸೆಲ್ಸಿಯಸ್‌ಗೆ ತಾನೇ ಗಟ್ಟಿಯಾಗುತ್ತದೆ. ಲೋಹದ ಗುಂಡಿನ ಸ್ವಿಚ್ಚು ಸಾಕು. ಸದ್ದಿಗೆಂದು ಎನ್‌ಇ555 ಎಂಬ ಟೈಮರ್ ಐಸಿ ಬಳಸುವವರು ಅದರ ಕಾರ್ಯೋಷ್ಣತೆ 0ರಿಂದ 70 ಡಿಗ್ರಿ ಎಂದು ತಯಾರಕರು ನಮೂದಿಸಿರುವುದನ್ನು ಗಮನಿಸಬೇಕು. ನೀರಿನಂಶದ ವಿದ್ಯುದ್ವಿಭಾಜ್ಯ (ಎಲೆಕ್ಟ್ರೊಲೈಟ್) ಇರುವ ಆಲ್ಕಲೈನ್ ಸೆಲ್ಲು ಚಳಿಯಲ್ಲಿ ಬೇಗ ಸೋಲುತ್ತದೆ. ಮರುಚಾರ್ಜ್ ಆಗದ ಲಿಥಿಯಂ ಸೆಲ್ಲು ಹೆಚ್ಚು ತಾಳುತ್ತದೆ.

ಕಡೆಯದಾಗಿ, ಇದನ್ನು ‘ಸ್ವಯಂಚಾಲಿತ ಮೀನು ಹಿಡಿಯುವ ಯಂತ್ರ’ ಎನ್ನುವವರೂ ಇದ್ದಾರೆ. ಅಲಾರಂ ಕೂಗಿದ ಮೇಲೆ ರಂಧ್ರದವರೆಗೆ ನಡೆದುಹೋಗಿ, ಕೈಗವಸು ಕಳಚಿ, ದಾರವನ್ನು ಬೆರಳಲ್ಲಿ ಹಿಡಿದು ಆ ಕಡೆ ಮೀನಿದೆಯೇ ಎಂದು ನೋಡಬೇಕಾದವನು ಮನುಷ್ಯನೇ.