ಎಪ್ಪತ್ತೇಳರಲ್ಲಿ ಆಸ್ಕರ್: ಪೆಗ್ಗಿ ಆಶ್‌ಕ್ರಾಫ್ಟ್ ನಡೆದ ದಾರಿ

ಸಾವನದುರ್ಗ, ರಾಮದೇವರಬೆಟ್ಟದ ಬಂಡೆಗಳನ್ನು ನಿರ್ದೇಶಕ ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಕತೆಯಲ್ಲಿ ಬರುವ ಕಾಲ್ಪನಿಕ ಮರಾಬಾರ್ ಬೆಟ್ಟಗಳನ್ನಾಗಿಸಿದರು. ಅದರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವೃದ್ಧೆ ಮಿಸೆಸ್ ಮೂರ್ ಆಗಿ ನಟಿಸಿದ ಬ್ರಿಟಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಮರುವರ್ಷ ಪೋಷಕ ನಟಿ ಆಸ್ಕರ್ ಬಂತು. ಆಗ ಅವರಿಗೆ 77. ಸಮಾರಂಭಕ್ಕೆ ಅವರು ಹೋಗಿರಲಿಲ್ಲ. ಅವರ ಪರವಾಗಿ ಪ್ರಶಸ್ತಿ ಪಡೆದದ್ದು ನಟಿ ಏಂಜೆಲಾ ಲ್ಯಾನ್ಸ್‌ಬರಿ.

ಸಿನಿಮಾ ಇವರನ್ನು ಕಾಣಲು ಇಷ್ಟು ತಡ ಮಾಡಿದ್ದೇಕೆ? ಅವರ ಬದುಕೆಲ್ಲ ರಂಗದ ಮೇಲಿತ್ತು, ಅದಕ್ಕೆ.

1907ರಲ್ಲಿ ಕ್ರಾಯ್ಡನ್‌ನಲ್ಲಿ ಹುಟ್ಟಿದ ಪೆಗ್ಗಿ 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಂಗವೇರಿದರು. 1930ರಲ್ಲಿ ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ ಆಡಿದ ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದಲ್ಲಿ ಕಪ್ಪು ನಟ ಪಾಲ್ ರೋಬ್ಸನ್ ಒಥೆಲೊ, ಇವರು ಅವನ ಹೆಂಡತಿ ಡೆಸ್ಡೆಮೋನಾ. ಕಪ್ಪು ನಟನೊಬ್ಬ ಬಿಳಿಯ ನಟಿಗೆ ಮುತ್ತಿಡುವುದನ್ನು ಸಹಿಸದವರು ಆ ಕಾಲದ ಲಂಡನ್ನಿನಲ್ಲಿ ಬಹಳ ಮಂದಿ ಇದ್ದರು. ಇಪ್ಪತ್ತೆರಡರ ಹುಡುಗಿ ಆ ಪಾತ್ರದಲ್ಲಿ ನಿಂತದ್ದು ನನಗೆ ಆಸ್ಕರ್‌ಗಿಂತ ದೊಡ್ಡದಾಗಿ ಕಾಣುತ್ತದೆ. 1935ರ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಗಿಲ್‌ಗುಡ್, ಒಲಿವಿಯರ್ ಇಬ್ಬರೂ ರೋಮಿಯೋ, ಮರ್ಕ್ಯುಶಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದರು; ಜೂಲಿಯೆಟ್ ಮಾತ್ರ ಇವರೇ.

ಅದೇ ವರ್ಷ ಹಿಚ್‌ಕಾಕ್‌ರ ‘ದಿ 39 ಸ್ಟೆಪ್ಸ್’ನಲ್ಲಿ ಸ್ಕಾಟ್ಲೆಂಡಿನ ರೈತನ ಹೆಂಡತಿಯಾಗಿ ಕೆಲವೇ ನಿಮಿಷ ಬರುತ್ತಾರೆ. ಅನುಮಾನದ ಗಂಡನ ಮನೆಯಲ್ಲಿ ಆಶ್ರಯ ಪಡೆದ ನಾಯಕನಿಗೆ ರಾತ್ರೋರಾತ್ರಿ ಗಂಡನ ಕೋಟು ಕೊಟ್ಟು ಕಳಿಸುತ್ತಾಳೆ. ಅದರ ಜೇಬಿನಲ್ಲಿದ್ದ ಭಜನೆ ಪುಸ್ತಕವೇ ಮುಂದೆ ಅವನನ್ನು ಗುಂಡಿನಿಂದ ಉಳಿಸುತ್ತದೆ. ಆ ಹೆಂಗಸಿನ ಗತಿ ಏನಾಯಿತೋ ಎಂಬ ಸಂಕಟ ಮಾತ್ರ ಚಿತ್ರ ಮುಗಿದರೂ ಬಿಡುವುದಿಲ್ಲ. ಕ್ಯಾಮೆರಾಕ್ಕೆ ಬೇಕಾದದ್ದೆಲ್ಲ ಅವರಲ್ಲಿ ಆಗಲೇ ಇತ್ತು.

ಆದರೂ ಮರಳಿದ್ದು ನಾಟಕಕ್ಕೇ. ಸದಾ ಜೊತೆಗಿರುವ ತಂಡವೊಂದು ಬೇಕೆಂಬುದು ಅವರ ಹಂಬಲ. 1960ರ ಸುಮಾರಿಗೆ ನಿರ್ದೇಶಕ ಪೀಟರ್ ಹಾಲ್ ಶೇಕ್ಸ್‌ಪಿಯರ್‌ನ ಹುಟ್ಟೂರು ಸ್ಟ್ರಾಟ್‌ಫರ್ಡ್‌ನಲ್ಲಿ ಅಂಥ ತಂಡ ಕಟ್ಟಹೊರಟಾಗ ಮೊದಲಿಗೇ ಕೈಜೋಡಿಸಿದವರಲ್ಲಿ ಪೆಗ್ಗಿ ಒಬ್ಬರು. ಅದೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ. ಶೇಕ್ಸ್‌ಪಿಯರ್‌ನ ಚರಿತ್ರೆ ನಾಟಕಗಳನ್ನು ಜೋಡಿಸಿದ 1963ರ ‘ದಿ ವಾರ್ಸ್ ಆಫ್ ದಿ ರೋಸಸ್’ನಲ್ಲಿ ಐವತ್ತು ದಾಟಿದ ನಟಿ ಹೊಸ ಮದುಮಗಳಾಗಿ ಬಂದು, ಶಾಪ ಹಾಕುವ ಮುದುಕಿಯಾಗುವವರೆಗೆ ರಾಣಿ ಮಾರ್ಗರೆಟ್‌ಳ ಇಡೀ ಆಯುಷ್ಯವನ್ನು ಆಡಿದರು.

ಮತ್ತೆ ‘ಎ ಪ್ಯಾಸೇಜ್ ಟು ಇಂಡಿಯಾ’ಗೆ ಬಂದರೆ, ಮಸೀದಿಯಲ್ಲಿ ಭಾರತೀಯ ವೈದ್ಯ ಡಾ. ಅಜೀಜ್‌ನನ್ನು ಭೇಟಿಯಾಗುವ ದೃಶ್ಯದಲ್ಲಿ ಮಿಸೆಸ್ ಮೂರ್ ಹೆಚ್ಚೇನೂ ಮಾಡುವುದಿಲ್ಲ. ಚಪ್ಪಲಿ ಬಿಟ್ಟು ಬಂದಿದ್ದಾಳೆ, ದೇವರು ಇಲ್ಲಿದ್ದಾನೆ ಎನ್ನುತ್ತಾಳೆ, ಅಷ್ಟೇ. ದನಿ ಎಲ್ಲೂ ಏರುವುದಿಲ್ಲ.

ಅದೇ 1984ರಲ್ಲಿ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಟಿವಿ ಧಾರಾವಾಹಿಯ ಒಂಟಿ ಮಿಷನರಿ ಬಾರ್ಬಿಯಾಗಿಯೂ ಅವರು ಭಾರತದ ಕತೆಯಲ್ಲೇ ಕಾಣಿಸಿಕೊಂಡರು. 1991ರ ಜೂನ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಹುಟ್ಟೂರು ಕ್ರಾಯ್ಡನ್‌ನಲ್ಲಿ 1962ರಿಂದಲೂ ಅವರ ಹೆಸರಿನ ರಂಗಮಂದಿರವಿದೆ.