ಪದ ಪರಿಚಯ: ಹೈಕೋರ್ಟಿನ ‘ಮುಖ್ಯ ನ್ಯಾಯಮೂರ್ತಿ’

ಕಳೆದ ವರ್ಷ ನಮ್ಮ ಮಾವ ಹೈಕೋರ್ಟಿನಲ್ಲಿ ಪಾಲಿನ ಕೇಸು ಸೋತರು. ಒಂದು ಎಕರೆ ಹತ್ತು ಗುಂಟೆ ತೆಂಗಿನ ತೋಟದ ವಿಷಯ. ತೀರ್ಪಿನ ನಕಲು ಕೈಗೆ ಬಂದ ದಿನ ಸಂಜೆ ಫೋನ್ ಮಾಡಿದರು. “ಅಲ್ಲಪ್ಪಾ, ಇದನ್ನ ಬರೆದಿರೋದು ಒಬ್ಬರು ಜಡ್ಜು. ಅವರ ಮೇಲೆ ಚೀಫ್ ಜಸ್ಟಿಸ್ ಅಂತ ಇದ್ದಾರಲ್ಲ, ಅವರಿಗೊಂದು ಅರ್ಜಿ ಬರೆದ್ರೆ ಸರಿ ಮಾಡಲ್ವಾ?”

ಮಾವ ಹಾಗೆ ಅಂದುಕೊಂಡಿದ್ದರಲ್ಲಿ ಆಶ್ಚರ್ಯ ಇಲ್ಲ. ಜೀವಮಾನವಿಡೀ ಪಹಣಿ, ಖಾತೆ, ಪೋಡಿ ಅಂತ ಓಡಾಡಿದವರು. ಅಲ್ಲಿ ತಹಶೀಲ್ದಾರರ ಮೇಲೆ ಎ.ಸಿ., ಎ.ಸಿ. ಮೇಲೆ ಡಿ.ಸಿ. ಕೆಳಗಿನವರು ಮಾಡಿದ್ದನ್ನು ಮೇಲಿನವರು ತಿದ್ದುತ್ತಾರೆ. ಕೋರ್ಟು ಕೂಡ ಹಾಗೇ ಇರಬೇಕು ಅಂದುಕೊಂಡಿದ್ದರು. ಅವರೊಬ್ಬರೇ ಅಲ್ಲ, ಬಹಳ ಜನ ಹಾಗೇ ತಿಳಿದುಕೊಂಡಿದ್ದಾರೆ. ಆ ತಪ್ಪು ತಿಳಿವಳಿಕೆ ಬಂದಿರುವುದು ‘ಮುಖ್ಯ’ ಎನ್ನುವ ಒಂದು ಪದದಿಂದ.

ಮೊದಲು ‘ನ್ಯಾಯಮೂರ್ತಿ’ಯನ್ನೇ ನೋಡೋಣ. ಕನ್ನಡ ಪತ್ರಿಕೆಗಳಲ್ಲಿ ಒಂದು ಸೂಕ್ಷ್ಮ ಇದೆ. ತಾಲ್ಲೂಕು, ಜಿಲ್ಲಾ ಕೋರ್ಟಿನಲ್ಲಿ ಕೂರುವವರು ‘ನ್ಯಾಯಾಧೀಶರು’. ಹೈಕೋರ್ಟು, ಸುಪ್ರೀಂ ಕೋರ್ಟಿನಲ್ಲಿ ಕೂರುವವರು ‘ನ್ಯಾಯಮೂರ್ತಿಗಳು’. ಹಾಗಾಗಿ ಹೈಕೋರ್ಟಿನ ಮುಖ್ಯಸ್ಥರನ್ನು ‘ಮುಖ್ಯ ನ್ಯಾಯಾಧೀಶ’ ಎನ್ನುವುದು ಬಳಕೆಯಲ್ಲಿ ಸರಿಯಲ್ಲ, ‘ಮುಖ್ಯ ನ್ಯಾಯಮೂರ್ತಿ’ ಎನ್ನಬೇಕು. ವಕೀಲರ ಬಾಯಲ್ಲಿ ಅದು ‘ಚೀಫ್’ ಅಥವಾ ‘ಸಿಜೆ’. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಮುಖ್ಯಸ್ಥರಾಗಿ ಇರುವವರು ‘ಸಿಜೆಐ’, ಅಂದರೆ ಭಾರತದ ಮುಖ್ಯ ನ್ಯಾಯಮೂರ್ತಿ. ಇಬ್ಬರೂ ಬೇರೆ ಬೇರೆ. ಹೈಕೋರ್ಟಿನ ಸಿಜೆ ದೆಹಲಿಯ ಸಿಜೆಐ ಕೈಕೆಳಗಿನ ಅಧಿಕಾರಿ ಅಲ್ಲ. ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು ಬದಲಾಯಿಸಬಹುದು. ಆದರೆ ಹೈಕೋರ್ಟಿನ ದಿನದಿನದ ಆಡಳಿತಕ್ಕೆ ಹೈಕೋರ್ಟೇ ಯಜಮಾನ.

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ‘ಚೀಫ್ ಕೋರ್ಟ್’ ಶುರುವಾಯಿತು. 1930ರಲ್ಲಿ ಅದು ಮೈಸೂರು ಹೈಕೋರ್ಟ್ ಆಯಿತು. ಅದೇ ಇಂದಿನ ಕರ್ನಾಟಕ ಹೈಕೋರ್ಟು. ಇವತ್ತು ದೇಶದಲ್ಲಿ 25 ಹೈಕೋರ್ಟುಗಳಿವೆ. ಸಂವಿಧಾನದ 216ನೇ ವಿಧಿ ಹೇಳುವುದು ಇಷ್ಟೇ: ಪ್ರತಿ ಹೈಕೋರ್ಟಿನಲ್ಲಿ ಒಬ್ಬ ಮುಖ್ಯ ನ್ಯಾಯಮೂರ್ತಿ ಇರಬೇಕು, ಜೊತೆಗೆ ರಾಷ್ಟ್ರಪತಿಯವರು ಕಾಲಕಾಲಕ್ಕೆ ಅಗತ್ಯ ಎಂದುಕೊಂಡಷ್ಟು ಇತರ ನ್ಯಾಯಮೂರ್ತಿಗಳು. ಕರ್ನಾಟಕ ಹೈಕೋರ್ಟಿಗೆ ಮಂಜೂರಾಗಿರುವ ಸಂಖ್ಯೆ ಮುಖ್ಯ ನ್ಯಾಯಮೂರ್ತಿಯವರೂ ಸೇರಿ 62.

ಈ 62 ಜನರಲ್ಲಿ ಚೀಫ್ ಎಷ್ಟು ದೊಡ್ಡವರು? ತೀರ್ಪು ಬರೆಯುವಾಗ ಒಂದಿಷ್ಟೂ ದೊಡ್ಡವರಲ್ಲ. ಮೂವರು ಕೂತು ಕೇಳಿದ ಕೇಸಿನಲ್ಲಿ ಇಬ್ಬರು ಒಂದು ಕಡೆ, ಚೀಫ್ ಒಬ್ಬರೇ ಇನ್ನೊಂದು ಕಡೆ ಅಂದರೆ, ಕೋರ್ಟಿನ ತೀರ್ಪು ಆ ಇಬ್ಬರದ್ದು. ಚೀಫ್ ಬರೆದದ್ದು ಭಿನ್ನ ಅಭಿಪ್ರಾಯ, ಅಷ್ಟೇ. ಪಕ್ಕದ ಹಾಲ್‌ನಲ್ಲಿ ಕೂತ ನ್ಯಾಯಮೂರ್ತಿಗೆ “ಈ ಕೇಸು ಹೀಗೆ ಮುಗಿಸಿ” ಅಂತ ಹೇಳುವ ಅಧಿಕಾರ ಅವರಿಗಿಲ್ಲ. ಸಹೋದ್ಯೋಗಿಯನ್ನು ಕೆಲಸದಿಂದ ತೆಗೆಯುವ ಅಧಿಕಾರವೂ ಇಲ್ಲ. ಅದಕ್ಕೆ ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ ಬೇಕು.

ಮಾವನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಅವರದ್ದು ಕೆಳಗಿನ ಎರಡು ಕೋರ್ಟು ದಾಟಿ ಬಂದ ಎರಡನೇ ಮೇಲ್ಮನವಿ, ಏಕಸದಸ್ಯ ಪೀಠದ ತೀರ್ಪು. ಅದರ ಮೇಲೆ ಹೈಕೋರ್ಟಿನ ಒಳಗೇ ಇನ್ನೊಂದು ಮೇಲ್ಮನವಿ ಇಲ್ಲ. ಹೋಗುವುದಾದರೆ ದೆಹಲಿಗೇ ಹೋಗಬೇಕು. ಸರ್ಕಾರದ ಕ್ರಮವನ್ನು ನೇರವಾಗಿ ಹೈಕೋರ್ಟಿನಲ್ಲಿ ಪ್ರಶ್ನಿಸುವ ರಿಟ್ ಅರ್ಜಿಯಾಗಿದ್ದರೆ ವಿಭಾಗೀಯ ಪೀಠಕ್ಕೆ, ಅಂದರೆ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ, ಮೇಲ್ಮನವಿ ಹಾಕಬಹುದಿತ್ತು. ಆ ಪೀಠದಲ್ಲಿ ಚೀಫ್ ಕೂತಿರಬಹುದು, ಕೂರದೆಯೂ ಇರಬಹುದು. ಕೂತಿದ್ದರೂ ಅಲ್ಲಿ ಅವರು ಇಬ್ಬರಲ್ಲಿ ಒಬ್ಬರು.

“ಮತ್ತೆ ಯಾಕಪ್ಪಾ ಚೀಫು ಅಂತ ಹೆಸರು?” ಅಂತ ಮಾವ ಕೇಳಿದರು. ಒಳ್ಳೆ ಪ್ರಶ್ನೆ, ಅಲ್ವಾ?

ಸಂಜೆ ಹೊತ್ತಿಗೆ ಯಾವ ವಕೀಲರನ್ನಾದರೂ ಗಮನಿಸಿ. ಮೊಬೈಲ್‌ನಲ್ಲಿ ನಾಳೆಯ ಕಾಸ್ ಲಿಸ್ಟ್, ಅಂದರೆ ಕೇಸುಗಳ ಪಟ್ಟಿ, ನೋಡುತ್ತಿರುತ್ತಾರೆ. ಯಾವ ಹಾಲ್, ಯಾವ ನ್ಯಾಯಮೂರ್ತಿ, ಎಷ್ಟನೇ ಐಟಂ. ಒಂದು ಹಾಲ್‌ನಲ್ಲಿ ಜಾಮೀನು ಅರ್ಜಿಗಳು, ಇನ್ನೊಂದರಲ್ಲಿ ಭೂಸ್ವಾಧೀನ, ಮತ್ತೊಂದರಲ್ಲಿ ತೆರಿಗೆ, ಮಗದೊಂದರಲ್ಲಿ ಅಪಘಾತ ಪರಿಹಾರ. ಈ ಹಂಚಿಕೆಗೆ ‘ರೋಸ್ಟರ್’ ಅನ್ನುತ್ತಾರೆ. ಯಾರು ಒಬ್ಬರೇ ಕೂರಬೇಕು, ಯಾರು ಜೋಡಿಯಾಗಿ ಕೂರಬೇಕು, ಯಾರಿಗೆ ಯಾವ ಬಗೆಯ ಕೇಸು, ಯಾರು ಬೆಂಗಳೂರಿನಲ್ಲಿ, ಯಾರು ಧಾರವಾಡದಲ್ಲಿ, ಯಾರು ಕಲಬುರಗಿಯಲ್ಲಿ. ಇದನ್ನೆಲ್ಲ ತೀರ್ಮಾನಿಸುವುದು ಮುಖ್ಯ ನ್ಯಾಯಮೂರ್ತಿ, ಅವರೊಬ್ಬರೇ. ರಾಜಸ್ಥಾನದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಇದನ್ನು ಖಚಿತವಾಗಿ ಹೇಳಿತು: ಹೈಕೋರ್ಟಿನಲ್ಲಿ ರೋಸ್ಟರಿನ ಒಡೆಯ ಮುಖ್ಯ ನ್ಯಾಯಮೂರ್ತಿ. ತನಗೆ ಹಂಚದ ಕೇಸನ್ನು ಯಾವ ನ್ಯಾಯಮೂರ್ತಿಯೂ ತಾನಾಗಿ ಎಳೆದುಕೊಳ್ಳುವಂತಿಲ್ಲ.

ಇದು ಕೆಲಸ ಮಾಡಿದ್ದನ್ನು ನಾವೆಲ್ಲ ಟಿ.ವಿ.ಯಲ್ಲೇ ನೋಡಿದ್ದೇವೆ. 2022ರ ಫೆಬ್ರುವರಿಯಲ್ಲಿ ಉಡುಪಿಯ ವಿದ್ಯಾರ್ಥಿನಿಯರ ಹಿಜಾಬ್ ಅರ್ಜಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅವರ ಏಕಸದಸ್ಯ ಪೀಠದಲ್ಲಿತ್ತು. ಇದನ್ನು ದೊಡ್ಡ ಪೀಠ ಕೇಳುವುದು ಒಳ್ಳೆಯದು ಅಂತ ಅವರಿಗೆ ಅನಿಸಿತು. ಅನಿಸಿದರೂ ದೊಡ್ಡ ಪೀಠ ರಚಿಸುವುದು ಅವರ ಕೈಯಲ್ಲಿರಲಿಲ್ಲ. ಫೆಬ್ರುವರಿ 9ರಂದು ಅವರು ಬರೆದ ಆದೇಶದ ಸಾರ ಇಷ್ಟೇ: ಕಡತವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಿ. ಆಗ ಚೀಫ್ ಆಗಿದ್ದವರು ರಿತುರಾಜ್ ಅವಸ್ಥಿ. ಅವರು ಅದೇ ದಿನ ಮೂವರ ಪೀಠ ರಚಿಸಿದರು. ಮರುದಿನ ವಿಚಾರಣೆ ಶುರುವಾಯಿತು. ಮಾರ್ಚ್ 15ಕ್ಕೆ ತೀರ್ಪು ಬಂತು. ಪೀಠ ರಚಿಸುವಾಗ ಅವಸ್ಥಿಯವರೊಬ್ಬರೇ. ತೀರ್ಪು ಕೊಡುವಾಗ ಮೂವರಲ್ಲಿ ಒಬ್ಬರು. ಒಂದೇ ಪ್ರಕರಣದಲ್ಲಿ ಚೀಫ್‌ನ ಎರಡೂ ಮುಖ ಕಾಣುತ್ತವೆ.

ಕೇಸನ್ನು ಯಾರು ಕೇಳುತ್ತಾರೆ, ಯಾವಾಗ ಕೇಳುತ್ತಾರೆ ಅನ್ನುವುದು ಸಣ್ಣ ಸಂಗತಿ ಅಲ್ಲ. ಕೇಸು ನಡೆಸಿದವರಿಗೆ ಇದು ಗೊತ್ತು. ಕಾನೂನು ಒಂದೇ ಆದರೂ ಅದನ್ನು ಓದುವ ಕಣ್ಣು ಬೇರೆ ಬೇರೆ ಇರುತ್ತದೆ. ಆದ್ದರಿಂದಲೇ ನನ್ನ ಮಟ್ಟಿಗೆ ರೋಸ್ಟರ್ ಚೀಫ್ ಕೈಯಲ್ಲಿರುವ ಅತಿ ದೊಡ್ಡ ಅಧಿಕಾರ. ತೀರ್ಪಾದರೆ ಕಾರಣಗಳ ಸಮೇತ ಎಲ್ಲರಿಗೂ ಸಿಗುತ್ತದೆ, ತಪ್ಪು ಅನಿಸಿದರೆ ಪ್ರಶ್ನೆ ಮಾಡಬಹುದು. ರೋಸ್ಟರ್ ಬದಲಾದಾಗ ಯಾಕೆ ಬದಲಾಯಿತು ಅಂತ ಯಾರೂ ಬರೆದಿಡುವುದಿಲ್ಲ.

ಕೋರ್ಟ್ ಹಾಲ್ 1 ಚೀಫ್ ಕೂರುವ ಹಾಲ್. ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಸಾಮಾನ್ಯವಾಗಿ ಬರುವುದು ಅಲ್ಲಿಗೇ. ರಸ್ತೆ ಗುಂಡಿ, ಕೆರೆ ಒತ್ತುವರಿ, ಫ್ಲೆಕ್ಸು ಬ್ಯಾನರು, ಕಸದ ರಾಶಿ ಇವೆಲ್ಲ ಪತ್ರಿಕೆಯಲ್ಲಿ ‘ಮುಖ್ಯ ನ್ಯಾಯಮೂರ್ತಿ ನೇತೃತ್ವದ ವಿಭಾಗೀಯ ಪೀಠ’ ಅಂತ ಬರುವುದು ಅದಕ್ಕೇ. 2021ರ ಮೇ ತಿಂಗಳು ನೆನಪಿದೆಯಾ? ಆಸ್ಪತ್ರೆ ಆಸ್ಪತ್ರೆ ಅಲೆದು ಆಕ್ಸಿಜನ್ ಬೆಡ್ ಹುಡುಕುತ್ತಿದ್ದ ದಿನಗಳು. ಆಗ ಚೀಫ್ ಆಗಿದ್ದ ಅಭಯ್ ಓಕಾ ಅವರ ಪೀಠ, ಕರ್ನಾಟಕಕ್ಕೆ ಕೊಡುವ ಆಮ್ಲಜನಕವನ್ನು ದಿನಕ್ಕೆ 1200 ಟನ್‌ಗೆ ಏರಿಸಿ ಅಂತ ಕೇಂದ್ರಕ್ಕೆ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಆ ಆದೇಶಕ್ಕೆ ಕೈ ಹಾಕಲು ಒಪ್ಪಲಿಲ್ಲ. ನಮ್ಮ ಓಣಿಯಲ್ಲಿ ಅವತ್ತು ಎಷ್ಟೋ ಮಂದಿ ಮೊದಲ ಸಲ ಮುಖ್ಯ ನ್ಯಾಯಮೂರ್ತಿಯೊಬ್ಬರ ಹೆಸರು ಹೇಳಿದ್ದನ್ನು ನಾನು ಕೇಳಿದ್ದೇನೆ.

ಇನ್ನು ನೇಮಕದ ವಿಷಯ. ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸುವುದು ರಾಷ್ಟ್ರಪತಿ. ಹೆಸರು ಸೂಚಿಸುವುದು ಸುಪ್ರೀಂ ಕೋರ್ಟಿನ ಕೊಲಿಜಿಯಂ, ಅಂದರೆ ಅಲ್ಲಿನ ಹಿರಿಯ ನ್ಯಾಯಮೂರ್ತಿಗಳ ಸಮಿತಿ. ಪ್ರಮಾಣ ವಚನ ಬೋಧಿಸುವುದು ರಾಜ್ಯಪಾಲರು. ಇಲ್ಲೊಂದು ಚೆಂದದ ಸಂಗತಿ ಇದೆ. ಹೊಸ ರಾಜ್ಯಪಾಲರು ಬಂದಾಗ ಅವರಿಗೆ ಪ್ರಮಾಣ ಬೋಧಿಸುವುದು ಇದೇ ಮುಖ್ಯ ನ್ಯಾಯಮೂರ್ತಿ. ರಾಜ್ಯಪಾಲರ ಕುರ್ಚಿ ಖಾಲಿ ಇದ್ದಾಗ ಚೀಫ್ ಅದನ್ನೂ ಸ್ವಲ್ಪ ಕಾಲ ನೋಡಿಕೊಂಡ ಉದಾಹರಣೆಗಳಿವೆ. 60ರ ದಶಕದ ಆರಂಭದಲ್ಲಿ ಮೈಸೂರು ಹೈಕೋರ್ಟಿನ ಚೀಫ್ ಆಗಿದ್ದ ನಿಟ್ಟೂರು ಶ್ರೀನಿವಾಸರಾಯರು ಹಾಗೆ ಹಂಗಾಮಿ ರಾಜ್ಯಪಾಲರೂ ಆಗಿದ್ದರು. ಮುಂದೆ ದೇಶದ ಮೊದಲ ಕೇಂದ್ರ ಜಾಗೃತ ಆಯುಕ್ತರಾದರು. ಸತ್ಯಶೋಧನ ಪ್ರಕಾಶನದ ನಿಟ್ಟೂರರು ಅಂದರೆ ಹಳೆ ಓದುಗರಿಗೆ ತಟ್ಟನೆ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಚೀಫ್ ಬೇರೆ ರಾಜ್ಯದಿಂದ ಬರುತ್ತಾರೆ. ಓಕಾ ಬಂದದ್ದು ಬಾಂಬೆ ಹೈಕೋರ್ಟಿನಿಂದ, ಅವಸ್ಥಿ ಅಲಹಾಬಾದಿನಿಂದ. ನಮ್ಮವರು ಹೊರಗೆ ಹೋಗುತ್ತಾರೆ. ಬಳ್ಳಾರಿಯಲ್ಲಿ ವಕೀಲಿಕೆ ಶುರುಮಾಡಿದ ಮಂಜುಳಾ ಚೆಲ್ಲೂರ್ ಕೇರಳ, ಕಲ್ಕತ್ತಾ, ಬಾಂಬೆ ಮೂರೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ನಮ್ಮ ಹುಡುಗಿಯರಿಗೆ ಈ ಹೆಸರನ್ನು ಹೇಳಿಕೊಡಬೇಕು. ಹೊರಗಿನವರನ್ನು ತರುವುದಕ್ಕೆ ಕಾರಣವೂ ಇದೆ. ಊರಿನ ವಕೀಲರ ಜೊತೆ ಹಳೇ ಗೆಳೆತನ, ನೆಂಟಸ್ತಿಕೆ ಇಲ್ಲದವರ ಕೈಯಲ್ಲಿ ರೋಸ್ಟರ್ ಇರಲಿ ಅಂತ. ಇದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷಿ, ದಾಖಲೆ, ಎಷ್ಟೋ ತೀರ್ಪು ಕನ್ನಡದಲ್ಲಿರುತ್ತವೆ. ಹೈಕೋರ್ಟಿನ ಭಾಷೆ ಇಂಗ್ಲಿಷ್. ಕನ್ನಡ ಬಾರದ ಚೀಫ್ ಅವನ್ನೆಲ್ಲ ಅನುವಾದದಲ್ಲೇ ಓದಬೇಕು. ‘ಬಗರ್ ಹುಕುಂ’, ‘ಗೋಮಾಳ’, ‘ಇನಾಮ್ತಿ’ ಅನ್ನುವ ಪದಗಳ ಹಿಂದಿರುವ ಊರು, ಹೊಲ, ಜಗಳ ಅನುವಾದದಲ್ಲಿ ಪೂರ್ತಿ ದಾಟಿ ಬರುವುದು ಕಷ್ಟ.

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಅವಧಿ. ಹೈಕೋರ್ಟಿನಲ್ಲಿ ನಿವೃತ್ತಿ 62ಕ್ಕೆ. ಚೀಫ್ ಆಗುವಷ್ಟರಲ್ಲಿ ಹಲವರಿಗೆ 60 ದಾಟಿರುತ್ತದೆ. ಇಲ್ಲವೇ ಒಂದೆರಡು ವರ್ಷದಲ್ಲಿ ಸುಪ್ರೀಂ ಕೋರ್ಟಿಗೆ ಹೋಗುತ್ತಾರೆ. ನಿವೃತ್ತಿಗೆ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಅದೇ ಹೈಕೋರ್ಟಿನವರನ್ನೇ ಚೀಫ್ ಮಾಡಬಹುದು ಅನ್ನುವ ಪದ್ಧತಿ ಇದೆ. ಹಾಗೆ ನಮ್ಮ ಪಿ.ಎಸ್. ದಿನೇಶ್ ಕುಮಾರ್ 2024ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. ಒಂದು ತಿಂಗಳು ತುಂಬುವ ಮೊದಲೇ ಫೆಬ್ರುವರಿ 24ಕ್ಕೆ ನಿವೃತ್ತರಾದರು. ಅವರ ಬಳಿಕ ಬಂದ ಎನ್.ವಿ. ಅಂಜಾರಿಯಾ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಒಬ್ಬರು ಜಿಲ್ಲೆಗಳ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಬೀಳ್ಕೊಡುಗೆ ಬಂದುಬಿಡುತ್ತದೆ. ಒಂದು ಹೈಕೋರ್ಟನ್ನು ನಡೆಸುವವರಿಗೆ ಕನಿಷ್ಠ ಎರಡು ವರ್ಷವಾದರೂ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಡುವೆ ಕುರ್ಚಿ ಖಾಲಿ ಬಿದ್ದಾಗ ಬರುವವರು ‘ಹಂಗಾಮಿ ಮುಖ್ಯ ನ್ಯಾಯಮೂರ್ತಿ’. ಸಂವಿಧಾನದ 223ನೇ ವಿಧಿಯಲ್ಲಿ ಇದಕ್ಕೆ ಅವಕಾಶ ಇದೆ. ಹಂಗಾಮಿ ಅಂದ ಕೂಡಲೇ ಅಧಿಕಾರ ಕಡಿಮೆ ಅಂತ ತಿಳಿಯಬಾರದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನವೇ ಹೈಕೋರ್ಟು ಯಾರೂ ಅರ್ಜಿ ಹಾಕಲಿ ಅಂತ ಕಾಯದೆ ತಾನಾಗಿ ವಿಚಾರಣೆ ಎತ್ತಿಕೊಂಡಿತು. ಆ ಪೀಠದ ಮುಂದಾಳು ಹಂಗಾಮಿ ಮುಖ್ಯ ನ್ಯಾಯಮೂರ್ತಿ ವಿ. ಕಾಮೇಶ್ವರ ರಾವ್.

ಕೋರ್ಟ್ ಹಾಲಿನ ಹೊರಗೂ ಚೀಫ್‌ಗೆ ರಾಶಿ ಕೆಲಸ ಇದೆ. ಹೈಕೋರ್ಟಿನ ಸಿಬ್ಬಂದಿ ನೇಮಕ ಅವರದ್ದು. ಹೊಸ ನ್ಯಾಯಮೂರ್ತಿಗಳಾಗಿ ಯಾರಾಗಬೇಕು ಅಂತ ಮೊದಲು ಹೆಸರು ಕಳಿಸುವುದು ಅವರು ಮತ್ತು ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಸೇರಿ. ಲೋಕಾಯುಕ್ತರ ನೇಮಕಕ್ಕೆ ಮುಂಚೆ ಅವರ ಅಭಿಪ್ರಾಯ ಕೇಳಬೇಕು. ಉಚಿತ ಕಾನೂನು ನೆರವು ಕೊಡುವ ರಾಜ್ಯ ಪ್ರಾಧಿಕಾರಕ್ಕೆ ಅವರೇ ಪೋಷಕರು. ಎಲ್ಲಕ್ಕಿಂತ ದೊಡ್ಡದು, ರಾಜ್ಯದ ಪ್ರತಿ ಜಿಲ್ಲಾ, ತಾಲ್ಲೂಕು ಕೋರ್ಟಿನ ಮೇಲೆ ಹೈಕೋರ್ಟಿಗಿರುವ ಹತೋಟಿ. 235ನೇ ವಿಧಿ ಅದನ್ನು ಸರ್ಕಾರಕ್ಕೆ ಕೊಟ್ಟಿಲ್ಲ, ಹೈಕೋರ್ಟಿಗೆ ಕೊಟ್ಟಿದೆ. ನ್ಯಾಯಾಧೀಶರ ವರ್ಗಾವಣೆ, ಬಡ್ತಿ, ಶಿಸ್ತುಕ್ರಮ ಎಲ್ಲ ಅಲ್ಲಿಂದಲೇ. ಪ್ರತಿ ಜಿಲ್ಲೆಗೆ ಒಬ್ಬ ಹೈಕೋರ್ಟ್ ನ್ಯಾಯಮೂರ್ತಿಯನ್ನು ‘ಆಡಳಿತಾತ್ಮಕ ನ್ಯಾಯಮೂರ್ತಿ’ ಅಂತ ಚೀಫ್ ನೇಮಿಸುತ್ತಾರೆ. ಅವರು ಆ ಜಿಲ್ಲೆಯ ಕೋರ್ಟುಗಳ ಮೇಲೆ ಕಣ್ಣಿಟ್ಟಿರುತ್ತಾರೆ.

ಇಷ್ಟನ್ನೂ ಮಾವನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಳೆಯದೊಂದು ನೆನಪು ಮಾಡಿಕೊಂಡರು. ಇದೇ ಕೇಸು ತಾಲ್ಲೂಕು ಕೋರ್ಟಿನಲ್ಲಿದ್ದಾಗ ಜಡ್ಜ್ ವರ್ಗವಾಗಿ, ಆ ಜಾಗಕ್ಕೆ ಎಂಟು ತಿಂಗಳು ಯಾರೂ ಬಂದಿರಲಿಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗುವುದು, ಮುಂದಿನ ವಾಯಿದೆ ಬರೆಸಿಕೊಂಡು ಸುಮ್ನೆ ಬರುವುದು. ಅಷ್ಟರಲ್ಲಿ ಅವರ ಕಡೆಯ ಮುಖ್ಯ ಸಾಕ್ಷಿ, ಪಕ್ಕದ ಹೊಲದ ಮುದುಕರು, ತೀರಿಕೊಂಡರು.

“ಆವಾಗ ಚೀಫ್ ಜಸ್ಟಿಸ್‌ಗೆ ಬರೆದಿದ್ರೆ?” ಅಂದರು.

“ಆವಾಗ ಬರೀಬಹುದಿತ್ತು ಮಾವ,” ಅಂದೆ. “ಅದು ಅವರ ಕೈಲಿದ್ದ ಕೆಲಸವೇ.”